ಒತ್ತು

ಸೋಮವಾರ ಕಬ್ಬಿನ ಹಾಲಿನ ಲೋಟ ಮಗುಚಿತು.
ತಂದಿಟ್ಟ ಹುಡುಗ ತಪ್ಪು ತನ್ನದಲ್ಲ ಎಂದ. ನಿಜ,
ನನ್ನ ಮೊಣಕೈಯದು.
ಶುಂಠಿ ನಿಂಬೆ ಸಮೇತ ಅಷ್ಟೂ ಕೀಬೋರ್ಡಿನೊಳಗೆ ಇಳಿಯಿತು.
ಸಂಜೆಗೆ ಅಂಟು. ಬೆಳಿಗ್ಗೆ ಎಂಟರ್ ಕೀಲಿಯ ಅಡಿಯಿಂದ
ಗೋಡೆಯ ಕ್ಯಾಲೆಂಡರಿನವರೆಗೆ ಇರುವೆ ಸಾಲು.

ಹೊಸದು ಮಂಡ್ಯದಿಂದ ಬರಬೇಕು, ಗುರುವಾರಕ್ಕೆ.
ಅಲ್ಲಿಯತನಕ ಪರದೆಯ ಮೇಲೇ ಒಂದು ಕೀಲಿಮಣೆ ಬಿಡಿಸಿಕೊಂಡೆ,
ಬರೀ ಚಿತ್ರದ್ದು.
ಮೌಸಿನ ಬಾಣ ಒಯ್ದು
ಒಂದೊಂದೇ ಅಕ್ಷರದ ನೆತ್ತಿಗೆ ಕುಟ್ಟಬೇಕು.

ನಾನು ಸೀನಿಯರ್ ಪಾಸು. ಕಣ್ಣು ಮುಚ್ಚಿ ಹೊಡೆಯುವವಳು.
ಪಾಂಡವಪುರದ ತಾಲ್ಲೂಕು ಕಚೇರಿ ಎದುರಿನ ಈ ಸಾಲಿನಲ್ಲಿ
'ಮಾನ್ಯರೇ' ಯಿಂದ 'ತಮ್ಮ ವಿಶ್ವಾಸಿ' ವರೆಗೆ
ನನ್ನಷ್ಟು ಬೇಗ ಮುಟ್ಟುವವರಿಲ್ಲ.
ಬೆರಳುಗಳಿಗೆ ಗೊತ್ತಿತ್ತು, ನನಗಲ್ಲ.
ಈಗ 'ಹ' ಎಲ್ಲಿದೆ ಎಂದು ಹುಡುಕುತ್ತಿದ್ದೇನೆ,
ಹನ್ನೊಂದು ವರ್ಷ ಬಾಡಿಗೆಗಿದ್ದ ಬೀದಿಯಲ್ಲೇ
ಮನೆ ನಂಬರು ವಿಚಾರಿಸುವವಳ ಹಾಗೆ.

ಆ ಹೊತ್ತಿಗೆ ಬಂದಳು. ನಾಲೆಯಾಚೆಯ ಊರು.
ಕವರೊಳಗೆ ಕವರು, ಅದರೊಳಗೆ ಪಹಣಿ, ರೇಷನ್ ಕಾರ್ಡು,
ಗಂಡನ ಮರಣಪತ್ರ. ಪೌತಿ ಖಾತೆಗೆ ಅರ್ಜಿ.
ಕಾರ್ಡಿನಲ್ಲಿ ಯಾವನೋ ಪುಣ್ಯಾತ್ಮ ಬರೆದಿದ್ದ: ಚಿಕಹೊನಮ.
ಮೂರು ಒತ್ತೂ ಉದುರಿ
ಬೊಚ್ಚುಬಾಯಿಯಾದ ಹೆಸರು.
ಇದು ನೀನಲ್ಲ ಎಂದು ಕಚೇರಿಯ ಕಿಟಕಿ
ಎರಡು ಸಲ ವಾಪಸು ಕಳಿಸಿದೆಯಂತೆ.
'ನಾನಲ್ದೆ ಇನ್ಯಾರವ್ವ ಅವ್ಳು?'
ನನ್ನನ್ನೇ ಕೇಳಿದಳು.

ಚ. ಗುಡಿಸು. ಕ.
ಆಮೇಲೆ ಅಕ್ಷರದ ಉಸಿರು ಹಿಡಿಯುವ ಆ ಪುಟ್ಟ ಕೊಂಡಿ.
ಇನ್ನೊಂದು ಕ ಒತ್ತಿದ್ದೇ, ಅದು ಓಡಿ ಹೋಗಿ
ಮೊದಲಿನದರ ಕಾಲಡಿ ಕೂತುಕೊಂಡಿತು.
ಸ್ಟೂಲು ಬಿಟ್ಟೆದ್ದು ನನ್ನ ಹೆಗಲ ಹಿಂದೆ ಬಂದು ನಿಂತಳು.
ಎಲೆಯಡಿಕೆ ವಾಸನೆ.
'ಏನ್ ಮಗ, ಕೋಳಿ ಕಾಳ್ ಆಯ್ದಂಗೆ ಆಯ್ತಾ ಕುಂತಿದ್ದೀಯಲ್ಲ?'
ಕೀಬೋರ್ಡು ಕೆಟ್ಟಿದೆ ಎಂದೆ.
'ಕೆಟ್ಟಿದ್ದೇ ವಾಸಿ ಬುಡು. ಕಣ್ಗೆ ಕಾಣ್ತದೆ.'

ಅಕ್ಷರ ಬಾರದು, ಲೆಕ್ಕ ಬರುತ್ತದೆ:
ನಾಟಿಯ ಆಳು, ಡೈರಿಯ ಲೀಟರು, ಸಂಘದ ಕಂತು.
ಗೆಣ್ಣಿನ ಮೇಲೆ ಎಣಿಸುತ್ತಲೇ ಇದ್ದಳು.
'ನನ್ ಹೆಸ್ರಿಗೆ ಹದಿಮೂರ್ ಸಲವಾ ಒತ್ತಾದು!'
ಬಸ್ಸು ಹತ್ತಲು ಸೀಟು ಸಿಕ್ಕಿದವಳ ಮುಖ.

ಮುಂದೆ 'ಕೋಂ'.
ಇದ್ಯಾವುದು ನಮ್ಮಿಬ್ಬರ ನಡುವೆ ಎಂದಳು.
ಹೆಂಡತಿ ಅನ್ನುವುದಕ್ಕೆ ಕಚೇರಿಯ ಮಾತು ಎಂದೆ.
'ನಲವತ್ ವರ್ಸುದ್ದು ಮೂರೇ ಒತ್ತಾ?'
ಆಮೇಲೆ ಲೇಟ್ ಜವರಪ್ಪ. ಅದನ್ನು ಎಣಿಸಲಿಲ್ಲ.

ಕೆಳಗೆ ಉದ್ದಕ್ಕೂ ಮಲಗಿದ್ದ ಖಾಲಿ ಪಟ್ಟಿ ತೋರಿಸಿದಳು.
'ಅದ್ರಾಗೆ ಏನೂ ಬರ್ದೇ ಇಲ್ವಲ್ಲ?'
ಅದು ಬರೀ ಜಾಗ, ಅಮ್ಮ.
ಹೆಸರಿಗೆ ಹೆಸರು ಒತ್ತುವರಿ ಆಗಬಾರದು ಅಂತ.
ನಕ್ಕಳು, ಅಡಿಕೆ ಚೂರು ಹಾರುವ ಹಾಗೆ.
'ಹಂಗಾರೆ ನನ್ ಹೆಸ್ರಿನ್ ಸುತ್ತ ಎಲ್ಡೆಲ್ಡ್ ಸಲ ಒತ್ತು.
ನಮ್ ಮೈದ ಆಗ್ಲೇ ಬದ ಜರುಗ್ಸವ್ನೆ.'

ಕೊನೆಗೆ, ಸಹಿಯ ಗೆರೆಯ ಕೆಳಗೆ ಇನ್ನೊಮ್ಮೆ ಹೆಸರು.
ಕಡೆಯ 'ಮ' ತಾನೇ ಒತ್ತುತ್ತೇನೆ ಎಂದಳು.
ಮೌಸನ್ನು ರಾಗಿಕಲ್ಲಿನ ಗೂಟದಂತೆ ಹಿಡಿದು ತಿರುಗಿಸಿದಳು,
ಬಾಣ ಪರದೆಯ ಮೂಲೆಗೆ ಹೋಗಿ ಬಿತ್ತು.
ಅದನ್ನು ಬಿಟ್ಟು, ಹೆಬ್ಬೆಟ್ಟನ್ನೇ ಗಾಜಿಗೆ ಊರಿದಳು
'ಮ' ಮೇಲೆ, ಮೈಯ ಭಾರವೆಲ್ಲ ಬಿಟ್ಟು.
ಗಾಜಿಗೆ ಏನು ಗೊತ್ತು?
ಅವಳಿಗೆ ಕಾಣದಂತೆ ನಾನು ಇತ್ತ ಕ್ಲಿಕ್ಕಿಸಿದೆ.
ಬಂತು.
ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು:
ಈ ಸಲ ಮಸಿ ಇಲ್ಲ.

ಖಾತೆ ಆಯಿತೋ ಇಲ್ಲವೋ. ಮತ್ತೆ ಬರಲಿಲ್ಲ.
ಗಾಜಿನ ಮೇಲಿನ ಸುಣ್ಣದ ಗುರುತು ಒರೆಸಿದ್ದೇನೆ,
ಮಧ್ಯಾಹ್ನದ ಬಿಸಿಲು ಓರೆಯಾದಾಗ ಮಾತ್ರ ಕಾಣುತ್ತದೆ.
ಹೊಸ ಕೀಬೋರ್ಡು ಚೆನ್ನಾಗಿದೆ, ಸದ್ದೂ ಕಮ್ಮಿ.
ಇವತ್ತು ಹದಿನೆಂಟು ಅರ್ಜಿ ಹೊಡೆದೆ,
ಒಬ್ಬರ ಹೆಸರೂ ನೆನಪಿಲ್ಲ.
ಹಳೆಯದು ಹೊರಗೆ ಕಟ್ಟೆಯ ಮೇಲಿದೆ.
ಇರುವೆಗಳು ಇನ್ನೂ
ಒಂದೊಂದೇ ಅಕ್ಷರದೊಳಕ್ಕೆ ಹೋಗಿ, ಬರುತ್ತಿವೆ.